ಹೆಸರಿಗೆ ಮಾತ್ರ ಆನರ್ಸ್

ಕಾಲೇಜಿನ ಮೊದಲನೆಯ ವರ್ಷದ ಹುಡುಗರಿಗೆ ಆನರ್ಸ್ ತರಗತಿ ಏತಕ್ಕೆ ಎಂಬ ಪ್ರಶ್ನೆಯನ್ನು ವಿದ್ಯಾವಂತರ ಗೋಷ್ಠಿಗಳಲ್ಲಿ ಈಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ಕೇಳುವವರ ದನಿಯಲ್ಲಿ ಒಂದು ಬಗೆಯ ನೆಮ್ಮದಿಯೂ ಇರುತ್ತದೆ; ಹೇಗೂ ಆ ಪೀಡೆ ತೊಲಗಿತಲ್ಲ ಎಂಬ ನೆಮ್ಮದಿ. ಈ ನೆಮ್ಮದಿಗೆ ಆಧಾರವಿಲ್ಲವೆಂದು ಹೇಳುವುದಕ್ಕಾಗಿಯೇ ಈ ಲೇಖನ.

ನಡೆದ ಸಂಗತಿ ಓದುಗರಿಗೆ ಗೊತ್ತೇ ಇದೆ. 2021-22ರಲ್ಲಿ ನಮ್ಮ ರಾಜ್ಯ ಇತರರಿಗಿಂತ ಮುಂದಾಗಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತಲೆಯ ಮೇಲೆ ಹೊತ್ತುಕೊಂಡಿತು. ನಾಲ್ಕು ವರ್ಷ ಓದಿದವರಿಗೆ ಆನರ್ಸ್ ಪದವಿ ಎಂದು ಸಾರಲಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗ ಮಧ್ಯಂತರ ವರದಿ ಕೊಟ್ಟಿತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ದೆಹಲಿ ವಿಶ್ವವಿದ್ಯಾನಿಲಯದವರು ಇದೇ ಆಟವನ್ನು ನಮಗಿಂತ ಮೊದಲೇ ಆಡಿದ್ದರು: 2013ರಲ್ಲಿ ನಾಲ್ಕು ವರ್ಷ, 2014ರಲ್ಲಿ ಪುನಃ ಮೂರು, 2022ರಲ್ಲಿ ಪುನಃ ನಾಲ್ಕು. ಆದರೆ ಅಲ್ಲಿ ವರ್ಷಗಳ ಲೆಕ್ಕ ಹೇಗೇ ಬದಲಾಗಲಿ, ಒಂದೇ ವಿಷಯವನ್ನು ಮೊದಲ ದಿನದಿಂದ ಹಿಡಿದು ಓದಿಸುವ ಆನರ್ಸ್ ಪದ್ಧತಿಯ ರೂಢಿ ಬಹಳ ಹಳೆಯದು. ನಮ್ಮಲ್ಲಿ ಆ ರೂಢಿ ಮುರಿದು ಎಷ್ಟೋ ಕಾಲವಾಯಿತು. ಹಳೆಯ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿದವರಿಗೆ ಸಾಮಾನ್ಯ ಬಿ.ಎ. ಒಂದು ದಾರಿ, ಆನರ್ಸ್ ಬೇರೊಂದು ದಾರಿ. ಆನರ್ಸ್‌ನವನು ಒಂದು ವರ್ಷ ಹೆಚ್ಚಾಗಿ ಓದಬೇಕಾಗಿತ್ತು. ಆದರೆ ಓದಿನ ಹದ ಮೊದಲನೆಯ ವರ್ಷದಲ್ಲೇ ಬೇರೆಯಾಗುತ್ತಿತ್ತು.

ಮೊನ್ನೆ ಮೊನ್ನೆ ಬಂದುಹೋದ ನಮ್ಮ ಆನರ್ಸ್‌ನಲ್ಲಿ ಮೊದಲನೆಯ ವರ್ಷಕ್ಕೆ ಏನಿತ್ತು? ಸಮಾನ ತೂಕದ ಎರಡು ಮುಖ್ಯ ವಿಷಯಗಳು, ಎರಡು ಭಾಷೆಗಳು, ಒಂದು ಮುಕ್ತ ಆಯ್ಕೆ, ಅದರ ಮೇಲೆ ಡಿಜಿಟಲ್ ಫ್ಲೂಯೆನ್ಸಿ ಎಂಬ ಹೆಸರಿನ ಕೌಶಲ್ಯ, ಯೋಗ, ಕ್ರೀಡೆ. ಯಾವ ವಿಷಯದಲ್ಲಿ ವಿಶೇಷ ಓದು ಎಂಬುದನ್ನು ನಿಶ್ಚಯಿಸುವುದು ಮೂರನೆಯ ವರ್ಷದಲ್ಲಿ. ಆನರ್ಸ್ ಎಂಬ ಪದವಿ ನಾಲ್ಕನೆಯದರಲ್ಲಿ. ಅಷ್ಟರೊಳಗೆ ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ ಎಂದು ಹೊರಗೆ ಹೋಗಲು ಬಾಗಿಲುಗಳನ್ನು ಧಾರಾಳವಾಗಿ ತೆರೆದಿಟ್ಟಿದ್ದರು. ದಾಖಲಾತಿಯ ದಿನ ಒಬ್ಬ ರೈತರು ನನ್ನನ್ನು ಕೇಳಿದರು: "ಇದು ಗೌರವ ಡಾಕ್ಟರೇಟು ಕೊಡ್ತಾರಲ್ಲ, ಆ ತರಹದ್ದಾ ಸಾರ್?" ಅವರ ಊಹೆ ಪಠ್ಯಕ್ರಮ ಮಾಡಿದವರ ಕಲ್ಪನೆಗಿಂತ ಬಹಳ ದೂರವೇನೂ ಇರಲಿಲ್ಲ.

ಹೋದದ್ದು ಹೋಯಿತು, ಬಿಡಿ. ನನ್ನ ತಕರಾರಿರುವುದು ಅದನ್ನು ಕಳುಹಿಸಿ ಕೈತೊಳೆದುಕೊಂಡವರ ಜೊತೆ. ಮೊದಲನೆಯ ವರ್ಷ ಪ್ರವೇಶಿಕೆಯಾಗಿರಬೇಕು, ಪ್ರವೇಶಿಕೆಯೆಂದರೆ ಸುಲಭವಾಗಿರಬೇಕು, ಸುಲಭವೆಂದರೆ ತೆಳುವಾಗಿರಬೇಕು - ಈ ಮೂರು ಮೆಟ್ಟಿಲುಗಳನ್ನು ಅವರು ಒಂದೇ ನೆಗೆತಕ್ಕೆ ಇಳಿಯುತ್ತಾರೆ. ಕನ್ನಡದಲ್ಲಿ ಈ ತೆಳುವಿನ ರೂಪ ಹೀಗಿದೆ: ಹಲ್ಮಿಡಿ ಶಾಸನದಿಂದ ನವ್ಯದವರೆಗೆ ಹದಿನೈದು ಶತಮಾನಗಳ ಸಾಹಿತ್ಯ ಚರಿತ್ರೆ ಕೆಲವೇ ತಿಂಗಳುಗಳಲ್ಲಿ ಮುಗಿಯಬೇಕು. ವಿದ್ಯಾರ್ಥಿ ಪಂಪ, ರನ್ನ, ಜನ್ನರ ಕೃತಿಗಳ ಪಟ್ಟಿಯನ್ನು ಗೈಡಿನಿಂದ ಉರುಹೊಡೆಯುತ್ತಾನೆ. ಆ ಕೃತಿಗಳ ಒಂದು ಆಶ್ವಾಸವನ್ನೂ ಕಣ್ಣಿನಿಂದ ಕಾಣುವುದಿಲ್ಲ. ಊಟದೆಲೆಯ ಮೇಲೆ ಬಡಿಸದೆ ಅಡುಗೆಯ ಪಟ್ಟಿ ಓದಿ ಕೈತೊಳೆಸುವ ಕ್ರಮವಿದು.

ಎರಡು ವರ್ಷದ ಹಿಂದೆ ಹಳಗನ್ನಡದ ಒಂದು ಪದ್ಯ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಸರ್, ಪುಲಿ ಹುಲಿ ಆಗಿದ್ದು ಯಾವಾಗ? ಯಾರಾದರೂ ಕೂತು ಬದಲಾಯಿಸಿದರಾ?" ಎಂದು ಕೇಳಿದಳು. ಪಕ್ಕದ ಸಾಲಿನ ಹುಡುಗ ಕೂಡಲೇ, "ಸರ್, ಇದು ಇಂಟರ್ನಲ್ಸ್‌ಗೆ ಬರುತ್ತಾ?" ಎಂದ. ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆಕೆ ಕೇಳಿದ್ದು ಅಪ್ಪಟ ಆನರ್ಸ್ ಪ್ರಶ್ನೆ; ಹುಡುಗ ಕೇಳಿದ್ದು ನಮ್ಮ ಪಠ್ಯಕ್ರಮದ ಪ್ರಶ್ನೆ. ಹತ್ತನೆಯ ಶತಮಾನದಿಂದೀಚೆಗಿನ ಶಾಸನಗಳಲ್ಲಿ ಪಕಾರ ಹಕಾರಗಳು ಜೊತೆಜೊತೆಗೆ ಕಾಣತೊಡಗಿ, ಕೆಲವು ಶತಮಾನಗಳ ಕಾಲ ಎರಡೂ ಕೂಡಿಯೇ ಬಾಳಿದವು ಎಂದು ಉತ್ತರ ಹೇಳಿದೆ. ಐದು ನಿಮಿಷದ ಉತ್ತರ. ಆ ಉತ್ತರವನ್ನು ಆಕೆಯೇ ಹುಡುಕಿಕೊಳ್ಳುವಂತಿದ್ದರೆ? ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿವೆ. ಆಕೆ ತನ್ನ ತಾಲ್ಲೂಕಿನ ಪುಟಗಳನ್ನು ತೆರೆದು, ಕಾಲಕ್ರಮದಲ್ಲಿಟ್ಟು, 'ಪಳ್ಳಿ' ಎಲ್ಲಿ ನಿಲ್ಲುತ್ತದೆ, 'ಹಳ್ಳಿ' ಎಲ್ಲಿ ತಲೆಯೆತ್ತುತ್ತದೆ ಎಂದು ಎಣಿಸಬಹುದು. ಕಿಟ್ಟೆಲರ 1894ರ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು. ಹದಿನೆಂಟು ವರ್ಷದವರಿಗೆ ಇದು ಕಷ್ಟವಲ್ಲ. ಕ್ರಿಕೆಟ್ಟಿನ ಅಂಕಿ ಅಂಶಗಳನ್ನು ಇದಕ್ಕಿಂತ ಸೂಕ್ಷ್ಮವಾಗಿ ಇಟ್ಟುಕೊಳ್ಳುವ ಹುಡುಗರನ್ನು ನಾನು ಬಲ್ಲೆ. ಮೊದಲನೆಯ ವರ್ಷದ ಆನರ್ಸ್ ಪ್ರವೇಶಿಕೆಯೆಂದರೆ ನನ್ನ ಮಟ್ಟಿಗೆ ಇಷ್ಟೇ: ಹೆಚ್ಚು ಪಾಠ ಬೇಡ, ಕಡಿಮೆ ಪಠ್ಯ ಸಾಕು, ಆದರೆ ಅದರ ತಳ ಮುಟ್ಟಬೇಕು.

ಇದಕ್ಕೆ ಬರುವ ದೊಡ್ಡ ಆಕ್ಷೇಪ, ಆನರ್ಸ್ ಮೇಲುವರ್ಗದವರ ಶೋಕಿ, ಬಡವರ ಮಕ್ಕಳಲ್ಲಿ ಭೇದ ಹುಟ್ಟಿಸುತ್ತದೆ ಎಂಬುದು. ಆಕ್ಷೇಪಿಸುವವರು ಸಜ್ಜನರು, ಅವರ ಕಾಳಜಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾನಿಲಯಗಳ ಜಾಹೀರಾತುಗಳನ್ನು ಅವರು ಒಮ್ಮೆ ನೋಡಲಿ. ಲಕ್ಷಗಟ್ಟಲೆ ಶುಲ್ಕ ತೆರಬಲ್ಲವರ ಮಕ್ಕಳಿಗೆ ಆನರ್ಸ್ ಅಲ್ಲಿ ನಿಂತಿಲ್ಲ. ನಿಂತದ್ದು ಬಸ್ ಪಾಸು ಹಿಡಿದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬರುವವರಿಗೆ. ಪಂಕ್ತಿಯಲ್ಲಿ ಎಲ್ಲರಿಗೂ ನೀರುಮಜ್ಜಿಗೆ ಬಡಿಸಿ ಭೇದ ಹೋಯಿತೆಂದರೆ, ಗಟ್ಟಿ ಮೊಸರು ಬೇಕಾದವರು ಬೇರೆ ಮನೆಗೆ ಹೋಗುತ್ತಾರೆ. ಹೋಗಲಾರದವರು ಉಳಿಯುತ್ತಾರೆ. ಭೇದ ಬೆಳೆಯುವುದು ಹೀಗೆ. ಇನ್ನು ಪಿ.ಯು.ಸಿ. ಅಂಕ ನೋಡಿ ಆನರ್ಸ್‌ಗೆ ಸೇರಿಸಿದರೆ ಭೇದವಾದೀತು, ನಿಜ. ಅಂಕ ನೋಡುವುದೇ ಬೇಡ. ಬರುತ್ತೇನೆಂದವರೆಲ್ಲ ಬರಲಿ, ಒಗ್ಗದಿದ್ದರೆ ಸೆಮಿಸ್ಟರಿನ ಕೊನೆಗೆ ನಷ್ಟವಿಲ್ಲದೆ ಸಾಮಾನ್ಯ ತರಗತಿಗೆ ಮರಳಲಿ.

ಕೆಲಸಕ್ಕೆ ಬಾರದ ಓದು ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಈಗಿನ ಓದು ಯಾವ ಕೆಲಸಕ್ಕೆ ಬಂದಿದೆ?

ಮೇಷ್ಟರುಗಳ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಖಾಯಂ ಅಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ಪಾಠದ ಲೆಕ್ಕವುಂಟು. ಅದರಾಚೆ ಕೂತು ಹುಡುಗರ ಜೊತೆ ಓದಿದ ಗಂಟೆ ಯಾವ ರಿಜಿಸ್ಟರಿಗೂ ಏರುವುದಿಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಕೇಳಬೇಡಿ. ಮುಂದಿನ ವರ್ಷ ತಾವಿರುತ್ತೇವೆಯೋ ಇಲ್ಲವೋ ತಿಳಿಯದವರಿಗೆ ಮೂರು ವರ್ಷದ ಓದನ್ನು ಯೋಜಿಸಿ ಎನ್ನುವುದು ಕ್ರೌರ್ಯ. ಆದ್ದರಿಂದ ಆ ಗಂಟೆಗಳು ಲೆಕ್ಕಕ್ಕೆ ಸೇರಬೇಕು, ಯಾರು ಪಾಠ ಮಾಡಿದರೂ ಸಂಬಳಕ್ಕೆ ಸೇರಬೇಕು.

ಇದಕ್ಕೆ ನಾಲ್ಕನೆಯ ವರ್ಷ ಬೇಡ, ಹೊಸ ಆಯೋಗವೂ ಬೇಡ. ಈಗಿರುವ ಮೂರು ವರ್ಷದ ಪದವಿಯೊಳಗೇ ಮೊದಲ ವರ್ಷದಲ್ಲಿ ವಾರಕ್ಕೆ ಎರಡು ಗಂಟೆ, ಹದಿನೈದು ಇಪ್ಪತ್ತು ವಿದ್ಯಾರ್ಥಿಗಳು, ಒಂದು ಪಠ್ಯ, ಗ್ರಂಥಾಲಯದಲ್ಲಿ ಬೀಗ ತೆಗೆದ ಒಂದು ಬೀರು. ಇಷ್ಟಕ್ಕೆ ಒಂದು ಕಾಲೇಜಿಗೆ ವರ್ಷಕ್ಕೆ ಎಷ್ಟು ರೂಪಾಯಿ ಬೇಕಾದೀತೆಂಬುದನ್ನು ಇಲಾಖೆಯವರು ಲೆಕ್ಕ ಹಾಕಿ, ಆ ಮೊತ್ತ ತಮ್ಮಲ್ಲಿಲ್ಲವೆಂದು ಬರವಣಿಗೆಯಲ್ಲಿ ತಿಳಿಸಲಿ.