ಒಂದು ವಂಶವಾಹಿಯ ಮೇಲೆ ಮನೆತನದ ತೀರ್ಪೇ?

ಚಳ್ಳಕೆರೆಯ ಶೇಂಗಾ ವರ್ತಕನು ಒಂದು ಮೂಟೆಯ ಬಾಯಲ್ಲಿ ಕಂಡ ಹಿಡಿ ಕಾಯಿಯಿಂದ ಇಡೀ ರಾಶಿಗೆ ಬೆಲೆ ಕಟ್ಟುವುದಿಲ್ಲ. ಹಲವು ಮೂಟೆಗಳ ಕಾಯಿ ಒಡೆದು ನೋಡಿದ ಮೇಲೆಯೇ ಮಾತು. ಇಷ್ಟು ಎಚ್ಚರವುಳ್ಳ ಮನೆಗಳೇ ಕನ್ಯೆಯನ್ನು ನೋಡುವಾಗ ‘ಆ ಮನೆತನದ ರಕ್ತದಲ್ಲೇ ಹುಚ್ಚಿದೆ’ ಎಂಬ ಗಾಳಿಮಾತಿಗೆ ಸಂಬಂಧ ಮುರಿಯುತ್ತವೆ. ಈಗ ಆ ಗಾಳಿಮಾತಿಗೆ ‘ಖಿನ್ನತೆಯ ವಂಶವಾಹಿ’ ಎಂಬ ವಿಜ್ಞಾನದ ಅಂಗಿ ತೊಡಿಸಲಾಗಿದೆ.

ಆ ಅಂಗಿಯ ನೇಯ್ಗೆ ಎಂಥದು? 1996ರಲ್ಲಿ 505 ಜನರ ಅಧ್ಯಯನವೊಂದು, ಮೆದುಳಿನ ಸೆರೊಟೋನಿನ್ ಸಾಗಣೆಗೆ ಸಂಬಂಧಿಸಿದ ವಂಶವಾಹಿಯ ಒಂದು ರೂಪಭೇದಕ್ಕೂ ಆತಂಕದ ಸ್ವಭಾವಕ್ಕೂ ನಂಟು ಕಂಡಿತು. ಆ ರೂಪಭೇದವುಳ್ಳವರು ಕಷ್ಟಕಾಲದಲ್ಲಿ ಖಿನ್ನತೆಗೆ ಹೆಚ್ಚಾಗಿ ಈಡಾಗುವರೆಂದು 2003ರಲ್ಲಿ ಕ್ಯಾಸ್ಪಿ ಮತ್ತು ಸಂಗಡಿಗರು ಸಾರಿದರು. ಅನಂತರ ಪ್ರಬಂಧಗಳ ಮಳೆಯೇ ಸುರಿಯಿತು. ಇಂಥವುಗಳಲ್ಲಿ ಹಲವರ ವಿಧಾನವೆಂದರೆ, ಊಹೆಯಿಂದ ಮೊದಲೇ ಒಂದು ವಂಶವಾಹಿಯನ್ನು ಆರಿಸಿಕೊಳ್ಳುವುದು. ಕೆಲವೇ ನೂರು ಜನರಲ್ಲಿ ಹುಡುಕುವುದು. ಎಲ್ಲರಲ್ಲಿ ಸಿಗದಿದ್ದರೆ ಹೆಂಗಸರಲ್ಲಿ, ಅಲ್ಲಿಯೂ ಸಿಗದಿದ್ದರೆ ತರುಣರಲ್ಲಿ. ಸಿಕ್ಕಿದ್ದನ್ನು ಮುದ್ರಿಸಿ, ಸಿಗದುದನ್ನು ಬೀರುವಿನಲ್ಲಿಡುವುದು. ಲಾಭದ ಪುಟಗಳನ್ನಷ್ಟೇ ತೋರಿಸುವ ಲೆಕ್ಕವನ್ನು ಯಾವ ಬಸದಿಯ ಆಡಳಿತ ಮಂಡಳಿ ಒಪ್ಪೀತು?

2019ರಲ್ಲಿ ಬಾರ್ಡರ್ ಮತ್ತು ಸಂಗಡಿಗರು ಹೀಗೆ ಹೆಸರಾದ 18 ವಂಶವಾಹಿಗಳನ್ನು 62,138ರಿಂದ 4,43,264 ಜನರವರೆಗಿನ ಮಾಹಿತಿಯಲ್ಲಿ ಪರೀಕ್ಷಿಸಿದರು. ಖಿನ್ನತೆಯೊಡನೆ ಅವುಗಳಿಗಿದ್ದ ನಂಟು ಇತರ ವಂಶವಾಹಿಗಳಿಗಿಂತ ಹೆಚ್ಚೇನೂ ಇರಲಿಲ್ಲ. ಆ ಮಾಹಿತಿ ಯೂರೋಪ್ ಮೂಲದವರದೆಂದು ತಳ್ಳಿಹಾಕುವವರು, ಮೂಲದ ಹೇಳಿಕೆಯೂ ಪಶ್ಚಿಮದಿಂದಲೇ ಬಂದುದೆಂಬುದನ್ನು ಮರೆಯಬಾರದು.

ಈ ಸೀಮೆಗೆ ಇನ್ನೂ ಹೆಚ್ಚು ಸಲ್ಲುವ ದೋಷವೊಂದಿದೆ. ಇಲ್ಲಿನ ಸಮುದಾಯಗಳು ತಲೆಮಾರುಗಳಿಂದ ತಮ್ಮೊಳಗೇ ಕೊಟ್ಟು ತಂದುಕೊಂಡವು. ಆದ್ದರಿಂದ ವಂಶವಾಹಿಯ ರೂಪಭೇದಗಳ ಪ್ರಮಾಣ ಒಂದೊಂದರಲ್ಲಿ ಒಂದೊಂದು ತೆರನಾಗಿರುತ್ತದೆ. ರೋಗಿಗಳನ್ನು ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಕೇರಿಯಿಂದಲೂ ಆರೋಗ್ಯವಂತರನ್ನು ಚಳ್ಳಕೆರೆಯ ಗೊಲ್ಲರ ಹಟ್ಟಿಯಿಂದಲೂ ಆರಿಸಿ ಹೋಲಿಸಿದರೆ, ಕಾಣುವ ವ್ಯತ್ಯಾಸ ರೋಗದ್ದೋ ಕುಲದ್ದೋ? ಊರುಗಳನ್ನು ಅದಲುಬದಲು ಮಾಡಿದರೆ ‘ರೋಗದ ವಂಶವಾಹಿ’ಯೂ ಅದಲುಬದಲಾದೀತು! ಅಲ್ಪಸಂಖ್ಯೆಯ ಜೈನ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಅನುವಂಶೀಯತೆ ಸುಳ್ಳೆಂದು ಇದರರ್ಥವಲ್ಲ. ಸ್ಕಿಜೋಫ್ರೇನಿಯಾ ಕುರಿತ 2022ರ ಮಹಾ ಅಧ್ಯಯನವು ವಂಶದ್ರವ್ಯದಲ್ಲಿ 287 ಸ್ಥಾನಗಳನ್ನು ಗುರುತಿಸಿತು. ಸಾಮಾನ್ಯ ರೂಪಭೇದ ಒಂದೊಂದರ ಪ್ರಭಾವವೂ ಅತ್ಯಲ್ಪ. ಬೆಂಗಳೂರಿನ ನಿಮ್ಹಾನ್ಸ್ ಇತರ ಸಂಸ್ಥೆಗಳೊಡಗೂಡಿ, ಹಲವರು ರೋಗಪೀಡಿತರಾದ ಕುಟುಂಬಗಳನ್ನು ದೀರ್ಘಕಾಲ ಅನುಸರಿಸುವ ತಾಳ್ಮೆಯ ಹಾದಿ ಹಿಡಿದಿದೆ. ವಧೂವರರ ವಿಚಾರಣೆ ನಡೆಸುವ ಹಿರಿಯರಿಗೆ ಆ ತಾಳ್ಮೆ ಎಲ್ಲಿದೆ? ಅವರ ಮಾತಿಗೆ ಹೆದರಿಯೇ ಮನೆಗಳು ಮಗನ ಕಾಯಿಲೆಯನ್ನು ಮುಚ್ಚಿಡುತ್ತವೆ. ತಂಗಿಯ ಮದುವೆ ಮುಗಿಯಲೆಂದು ಮನೋವೈದ್ಯರ ಬಳಿಗೆ ಹೋಗುವುದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತವೆ.