ಫಲಾಫೆಲ್ ಪಕ್ಕ ಕಿಮ್ಚಿ ಇಟ್ರೆ ನಿಮಗೇನ್ ತೊಂದ್ರೆ ಸ್ವಾಮಿ?

ಬರ್ಲಿನ್ನಿನ ನಾಯ್ಕೋಲ್ನ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಪುಟ್ಟ ಹೋಟೆಲಿದೆ. ಆರೇ ಮೇಜು, ಒಂದೇ ಅಡುಗೆಮನೆ. ಬೋರ್ಡಿನ ಎಡಗಡೆ ಸಿರಿಯಾದ ಫಲಾಫೆಲ್, ಹಮ್ಮಸ್, ಫತ್ತೂಶ್. ಬಲಗಡೆ ಕೊರಿಯಾದ ಬಿಬಿಂಬಾಪ್, ಕಿಮ್ಚಿ. ಮೊನ್ನೆ ಶನಿವಾರ ಬೆಂಗಳೂರಿಂದ ಬಂದಿದ್ದ ಗೆಳೆಯನನ್ನ ಕರ್ಕೊಂಡು ಹೋದೆ. ಬೋರ್ಡ್ ನೋಡಿದವನೇ ಮೂಗು ಮುರಿದ. "ಇದು ಅಸಲಿ ಅಲ್ಲ ಗುರು. ಎರಡೂ ಮಾಡೋರಿಗೆ ಒಂದೂ ನೆಟ್ಟಗೆ ಬರಲ್ಲ."

ಅಲ್ಲೇ ಜಗಳ ಶುರು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಈ ಮಾತು ಹೇಳಿದ್ದು ಯಾರು? ಒಂದೇ ಸೂರಿನಡಿ ಇಡ್ಲಿ, ಪನ್ನೀರ್ ಬಟರ್ ಮಸಾಲ, ಗೋಬಿ ಮಂಚೂರಿ ಮೂರನ್ನೂ ತಿಂದು ಬೆಳೆದವನು! ಆ ಗೋಬಿಯ ಅಣ್ಣ ಚಿಕನ್ ಮಂಚೂರಿಯನ್ ಹುಟ್ಟಿದ್ದು 1975ರಲ್ಲಿ, ಮುಂಬೈಯಲ್ಲಿ. ನಮ್ಮೂರಲ್ಲಿ ನಡೆದ್ರೆ ಅನುಕೂಲ, ಬೇರೆಯವರು ಮಾಡಿದ್ರೆ ಕಲಬೆರಕೆ. ಯಾವ ನ್ಯಾಯ ಇದು?

ಅಸಲಿ ಅಂತೀರಲ್ಲ, ಮೆಣಸಿನಕಾಯಿ ತಗೊಳ್ಳಿ. ಕಿಮ್ಚಿಗೆ ಕೆಂಪು ಕೊಡೋದು ಅದು. ಸಿರಿಯಾದ ಅಲೆಪ್ಪೊ ಮೆಣಸಿಗೆ ಹೆಸರು ತಂದಿದ್ದೂ ಅದೇ. ನಮ್ಮ ಬ್ಯಾಡಗಿಯೂ ಅದೇ. ಮೂವರಿಗೂ ಅದು ಸಿಕ್ಕಿದ್ದು 1492ರ ನಂತರ, ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದ ಮೇಲೆ. ಇನ್ನು ಎಳ್ಳು: ಸಿರಿಯಾದವರು ಅದನ್ನ ಅರೆದು ತಹೀನಿ ಮಾಡ್ತಾರೆ, ಕೊರಿಯಾದವರು ಎಣ್ಣೆ ತೆಗೀತಾರೆ. ಬೆಳ್ಳುಳ್ಳಿ, ಉಪ್ಪಿನಕಾಯಿ ಇಬ್ಬರಿಗೂ ಬೇಕು. ಒಂದೇ ಅಡುಗೆಮನೆ ಸಾಕಾಗಿದ್ದರಲ್ಲಿ ಆಶ್ಚರ್ಯ ಏನಿದೆ? ಬಾಡಿಗೆಯೂ ಒಂದೇ. ಬರ್ಲಿನ್ ಬಾಡಿಗೆ ಕಟ್ಟಿದವನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಆದ್ರೆ ನನ್ನ ಸಿಟ್ಟು ಬರೀ ಊಟದ ಬಗ್ಗೆ ಅಲ್ಲ. 1963ರಿಂದ ಪಶ್ಚಿಮ ಜರ್ಮನಿ ಕೊರಿಯಾದಿಂದ ಗಣಿ ಕೆಲಸಗಾರರನ್ನ, ಆಮೇಲೆ ಸಾವಿರಾರು ನರ್ಸುಗಳನ್ನ ಕರೆಸಿಕೊಂಡಿತು. 70ರ ದಶಕದ ಕೊನೆಗೆ "ಕೆಲಸ ಆಯ್ತು, ಹೊರಡಿ" ಅಂದಾಗ ಆ ನರ್ಸುಗಳು ಸಹಿ ಸಂಗ್ರಹಿಸಿ, ಹೋರಾಡಿ ಇಲ್ಲೇ ಇರುವ ಹಕ್ಕು ಪಡೆದರು. ಸಿರಿಯಾದವರು ಯುದ್ಧ ತಪ್ಪಿಸಿಕೊಂಡು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು 2015ರಲ್ಲಿ. 2024ರ ಡಿಸೆಂಬರ್ 8ಕ್ಕೆ ಅಸ್ಸಾದ್ ಸರ್ಕಾರ ಬಿತ್ತು. ಮಾರನೇ ದಿನವೇ ಇಲ್ಲಿ ಸಿರಿಯನ್ನರ ಆಶ್ರಯದ ಅರ್ಜಿಗಳ ತೀರ್ಮಾನ ನಿಂತಿತು, ಕೆಲವು ರಾಜಕಾರಣಿಗಳು ವಾಪಸ್ ಕಳಿಸೋ ಮಾತೆತ್ತಿದರು.

"ನಿನ್ನ ಅಡುಗೆ ನಿನ್ನೂರಲ್ಲಿ ಇದ್ದ ಹಾಗೇ ಇರಬೇಕು" ಅನ್ನೋದಕ್ಕೂ "ನಿನ್ನೂರಿಗೆ ಹೋಗು" ಅನ್ನೋದಕ್ಕೂ ದೂರ ಬಹಳ ಇಲ್ಲ. ಮೊದಲನೆಯದನ್ನ ನಾವು ಅಭಿರುಚಿ ಅಂತೀವಿ, ಅಷ್ಟೇ. ನಾನೂ ಇಲ್ಲಿ ವೀಸಾ ಮೇಲೆ ಇರೋನು. ನನಗೆ ಈ ವ್ಯತ್ಯಾಸ ಅಷ್ಟು ಸಣ್ಣದಾಗಿ ಕಾಣುತ್ತೆ.

ಹಾಗಂತ ಹೊಗಳಲೇಬೇಕು ಅಂತಿಲ್ಲ. ಅವತ್ತು ಫಲಾಫೆಲ್ ಸ್ವಲ್ಪ ಒಣಗಿತ್ತು, ಒಪ್ಕೋತೀನಿ. ಅದನ್ನ ಬೈರಿ. ರುಚಿ ನೋಡಿ ಬೈರಿ, ಬೋರ್ಡ್ ನೋಡಿ ಅಲ್ಲ.

ಅಂದಹಾಗೆ, ಒಣಗಿದ ಆ ಫಲಾಫೆಲ್ ಜೊತೆಗೆ ನಮ್ಮ ಅಸಲಿ ಮಹಾಶಯರು ಎರಡು ಸಲ ಕಿಮ್ಚಿ ಹಾಕಿಸ್ಕೊಂಡರು. ಕೇಳಿದ್ರೆ ಖಂಡಿತ ಒಪ್ಪಲ್ಲ :)

ನಿಮ್ಮೂರಲ್ಲೂ ಇಂಥ ಜೋಡಿ ಹೋಟೆಲ್ ಇದ್ರೆ ಹೇಳಿ. ಬೈಯೋರು ಬೈಬಹುದು, ಆದ್ರೆ ತಿಂದು ಬನ್ನಿ.