ಎರಡು ರ‍್ಯಾಮ್ ಹಾಕಿದರೆ ಕಂಪ್ಯೂಟರ್ ವೇಗ ಎರಡು ಪಟ್ಟಾಗುತ್ತದೆಯೇ?

‘ನಿಮ್ಮ ಕಂಪ್ಯೂಟರ್‌ನಲ್ಲಿ ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಅದು ಅರ್ಧ ವೇಗದಲ್ಲಿ ಓಡುತ್ತಿದೆ, ಇನ್ನೊಂದು ಹಾಕಿಸಿ’ ಎನ್ನುವ ಮಾತು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದೆಂದು ತಿಳಿಯದೆ ಅಂಗಡಿಗೆ ಹೋದರೆ ದುಡ್ಡು ದಂಡವಾಗಬಹುದು. ಇನ್ನು ಕೆಲವರ ಮನೆಯಲ್ಲಿ ಒಂದು ಪೈಸೆಯೂ ಖರ್ಚಿಲ್ಲದೆ ಸಿಗಬೇಕಾದ ವೇಗ ಸಿಗದೆ ಉಳಿದಿರಲೂಬಹುದು.

ಬಾವಿಯೊಂದನ್ನು ನೆನೆಸಿಕೊಳ್ಳೋಣ. ಒಂದು ರಾಟೆ ಇದ್ದರೆ ಒಂದು ಸಲಕ್ಕೆ ಒಂದು ಕೊಡ ನೀರು, ಎರಡು ರಾಟೆ ಇದ್ದರೆ ಎರಡು ಕೊಡ. ಆದರೆ ಬಾವಿಯ ಆಳ ಅಷ್ಟೇ. ಮೊದಲ ಕೊಡ ಮೇಲೆ ಬರಲು ಎರಡು ರಾಟೆ ಇದ್ದರೂ ಅಷ್ಟೇ ಹೊತ್ತು ಬೇಕು. ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿಯೇ ಈ ರಾಟೆ, ಅದನ್ನೇ ಚಾನೆಲ್ ಎನ್ನುತ್ತಾರೆ. ಲೆಕ್ಕ ಸರಳ. ಡಿಡಿಆರ್4-3200 ಕಡ್ಡಿ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಸೆಕೆಂಡಿಗೆ ಹೀಗೆ 320 ಕೋಟಿ ಸಲ. ಒಟ್ಟು ಸೆಕೆಂಡಿಗೆ 25.6 ಜಿಬಿ. ಎರಡು ಚಾನೆಲ್ ಇದ್ದರೆ 51.2 ಜಿಬಿ. ಫಾರ್ವರ್ಡ್ ಸಂದೇಶದ ‘ಎರಡು ಪಟ್ಟು’ ಬರುವುದು ಇಲ್ಲಿಂದ. ಕಾಗದದ ಮೇಲೆ ಅದು ಸುಳ್ಳಲ್ಲ.

ಆದರೆ ಅಷ್ಟು ನೀರು ಯಾರಿಗೆ ಬೇಕು? ಪ್ರೊಸೆಸರ್ ಒಳಗೆ ಕ್ಯಾಶ್ ಎಂಬ ಪುಟ್ಟ ನೆನಪು ಇದೆ, ಅಡುಗೆಮನೆಯ ಹಂಡೆ ಇದ್ದ ಹಾಗೆ. ಪದೇ ಪದೇ ಬೇಕಾಗುವುದು ಅಲ್ಲೇ ಸಿಗುವುದರಿಂದ ಬಾವಿಗೆ ಹೋಗುವ ಸಂದರ್ಭವೇ ಕಡಿಮೆ. ಪತ್ರ ಟೈಪ್ ಮಾಡುವಾಗ, ಬ್ಯಾಂಕ್ ವೆಬ್‌ಸೈಟ್ ತೆರೆಯುವಾಗ, ಯೂಟ್ಯೂಬ್ ನೋಡುವಾಗ ಒಂದು ಚಾನೆಲ್‌ಗೂ ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ.

ವ್ಯತ್ಯಾಸ ಎದ್ದು ಕಾಣುವುದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ರ‍್ಯಾಮ್ ಇಲ್ಲ. ಅದು ನಿಮ್ಮ ರ‍್ಯಾಮ್‌ನಿಂದಲೇ ಸೇದಿಕೊಳ್ಳಬೇಕು, ಆಟ ಆಡುವಾಗಲಂತೂ ಬಿಡುವಿಲ್ಲದೆ. ಒಂದೇ ಚಾನೆಲ್‌ನಲ್ಲಿ ತಡವರಿಸುವ ಆಟ ಎರಡು ಚಾನೆಲ್‌ನಲ್ಲಿ ಸಲೀಸಾಗಿ ಓಡುವುದು ಇದರಿಂದಲೇ. ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್‌ಗಂತೂ ಎರಡು ಚಾನೆಲ್ ಇರಲೇಬೇಕೆಂಬ ಷರತ್ತಿದೆ. ಒಂದೇ ಇದ್ದರೆ ವಿಂಡೋಸ್‌ನಲ್ಲಿ ಅದರ ಹೆಸರೇ ಬರೀ ಯುಎಚ್‌ಡಿ ಗ್ರಾಫಿಕ್ಸ್ ಎಂದು ಕಾಣಿಸುತ್ತದೆ! ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವವರಿಗೂ ಕೆಲವು ಆಟಗಳಲ್ಲಿ ಲಾಭ ಇದೆ, ಆದರೆ ಸಾಮಾನ್ಯವಾಗಿ ಇಷ್ಟು ದೊಡ್ಡದಲ್ಲ.

ಹಾಗಾದರೆ ‘ಇನ್ನೊಂದು ರ‍್ಯಾಮ್ ಹಾಕಿಸಿದೆ, ಕಂಪ್ಯೂಟರ್ ಹೊಸದರಂತಾಯಿತು’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರು 8 ಜಿಬಿ ಇದ್ದ ಕಡೆ ಇನ್ನೊಂದು 8 ಜಿಬಿ ಹಾಕಿದ್ದಾರೆ. ಒಂದೇ ಏಟಿಗೆ ಎರಡು ಬದಲಾವಣೆ: ಚಾನೆಲ್ ಎರಡಾಯಿತು, ಜಾಗವೂ 16 ಜಿಬಿ ಆಯಿತು. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕಿನಲ್ಲಿ ಜಾಗ ಹುಡುಕುತ್ತದೆ, ಡಿಸ್ಕ್ ಎಷ್ಟೇ ಒಳ್ಳೆಯದಿದ್ದರೂ ರ‍್ಯಾಮ್‌ಗಿಂತ ಬಹಳ ನಿಧಾನ. ಆ ಕಾಟ ತಪ್ಪಿದ್ದಕ್ಕೇ ಹೆಚ್ಚಿನವರಿಗೆ ಹಾಯೆನಿಸಿರುವುದು, ಹೆಸರು ಮಾತ್ರ ಡ್ಯುಯಲ್ ಚಾನೆಲ್‌ಗೆ ಬಂತು. ಸರಿಯಾಗಿ ತೂಗಬೇಕೆಂದರೆ 16 ಜಿಬಿಯ ಒಂದು ಕಡ್ಡಿಯನ್ನು 8 ಜಿಬಿಯ ಎರಡರ ಎದುರು ಇಡಬೇಕು. ಹೊಸದಾಗಿ ಕೊಳ್ಳುವಾಗ ಬೆಲೆ ಹತ್ತಿರವಿದ್ದರೆ ಎರಡನ್ನು ಕೊಳ್ಳುವುದೇ ಜಾಣತನ. ಆದರೆ ಈಗಾಗಲೇ 16 ಜಿಬಿಯ ಒಂದು ಕಡ್ಡಿ ಇದ್ದು ಕಚೇರಿ ಕೆಲಸ ಮಾತ್ರ ಮಾಡುವವರು ಈ ಸಂದೇಶ ನೋಡಿ ಅಂಗಡಿಗೆ ಓಡಬೇಕಿಲ್ಲ.

ಖರ್ಚಿಲ್ಲದ ವೇಗ ಎಂದೆವಲ್ಲ, ಅದು ಸ್ಲಾಟ್‌ನ ವಿಷಯ. ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯ ಎರಡು ಸ್ಲಾಟ್ ಒಂದು ಚಾನೆಲ್‌ಗೆ, ಉಳಿದೆರಡು ಇನ್ನೊಂದಕ್ಕೆ ಸೇರಿರುತ್ತವೆ. ಎರಡು ಕಡ್ಡಿಗಳನ್ನು ಅಕ್ಕಪಕ್ಕ ಸಿಕ್ಕಿಸಿದರೆ ಎರಡೂ ಒಂದೇ ರಾಟೆಗೆ ಕಟ್ಟಿದಂತೆ, ದುಡ್ಡು ಎರಡಕ್ಕೆ ಕೊಟ್ಟರೂ ಚಾನೆಲ್ ಒಂದೇ. ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಖಚಿತವಾಗಿ ತಿಳಿಯಲು ಬೋರ್ಡ್‌ನ ಕೈಪಿಡಿ ನೋಡಿ. ಅಂದಹಾಗೆ, ನಾಲ್ಕೂ ಸ್ಲಾಟ್ ತುಂಬಿದರೂ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಚಾನೆಲ್ ಎರಡೇ.

ಪರೀಕ್ಷಿಸಲು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟ ತೆರೆಯಿರಿ. ಡ್ಯುಯಲ್ ಎಂದೋ 2 x 64 ಬಿಟ್ ಎಂದೋ ಇದ್ದರೆ ಸರಿಯಾಗಿದೆ. ಅಲ್ಲೇ 3200ರ ಬದಲು 1600 ಎಂದು ಕಂಡರೆ ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋಗಬೇಡಿ. ಡಿಡಿಆರ್ ರ‍್ಯಾಮ್ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಕಳಿಸುತ್ತದೆ, ಹಾಗಾಗಿ ಎರಡೂ ಒಂದೇ. ಡಿಡಿಆರ್5 ಕಡ್ಡಿ ಒಂದೇ ಇದ್ದರೂ 2 x 32 ಬಿಟ್ ಎಂದು ಬರಬಹುದು. ಅದು ಒಂದೇ 64 ಬಿಟ್ ದಾರಿಯನ್ನು ಒಳಗೆ ಎರಡಾಗಿ ಸೀಳಿರುವುದು, ಡ್ಯುಯಲ್ ಚಾನೆಲ್ ಅಲ್ಲ.